ಕಾಫಿ ಹೂ ಮಲ್ಲಿಗೆಯ ತಂಗಿಯೇ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮಗೆ ಸ್ವಲ್ಪ ಕಾಫಿ ತೋಟ ಇದೆ. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗಲೆಲ್ಲ ನಮ್ಮ ಅಜ್ಜಿ "ಇದು ಮಲ್ಲಿಗೆಯ ತಂಗಿ" ಎನ್ನುತ್ತಿದ್ದರು. ಈಗ ಬಿಎಸ್ಸಿ ಓದುತ್ತಿರುವ ಮಗಳು "ಅಲ್ಲಪ್ಪಾ, ಕಾಫಿ ಕೇಪಳದ ನೆಂಟ, ಮಲ್ಲಿಗೆಗೂ ಅದಕ್ಕೂ ತುಂಬಾ ದೂರ" ಎನ್ನುತ್ತಾಳೆ. ಕೇಪಳ ನೋಡಿದರೆ ಕೆಂಪು, ವಾಸನೆ ಇಲ್ಲ. ಕಾಫಿ ಹೂವೋ ಬಿಳಿ, ವಾಸನೆ ಮಲ್ಲಿಗೆಯದ್ದೇ. ಲಕ್ಷಾಂತರ ವರ್ಷ ಹಿಂದಿನ ಸಂಬಂಧವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಹಾಗಾದರೆ ಇದೆಲ್ಲ ಸುಮ್ನೆ ಊಹೆ ಅಲ್ವಾ? ಇಲ್ಲ, ಡಿಎನ್‌ಎ ಒಂದು ನೋಡಿದರೆ ಎಲ್ಲ ಗೊತ್ತಾಗಿಬಿಡುತ್ತದೆಯೇ? ಕೊನೆಯದಾಗಿ, ಅರೇಬಿಕಾ ಮತ್ತು ರೋಬಸ್ಟಾ ಅಣ್ಣತಮ್ಮಂದಿರೇ?

ಉತ್ತರ: ನಿಮ್ಮ ಅಜ್ಜಿ ಒಬ್ಬರೇ ಹಾಗೆ ಅಂದುಕೊಂಡವರಲ್ಲ. 1713ರಲ್ಲಿ ಪ್ಯಾರಿಸ್‌ನ ಸಸ್ಯಶಾಸ್ತ್ರಜ್ಞ ಆಂತ್ವಾನ್ ದ ಜ್ಯೂಸ್ಯೂ ಕಾಫಿ ಗಿಡವನ್ನು ವಿವರಿಸಿದಾಗ ಅದಕ್ಕೆ ಇಟ್ಟ ಹೆಸರು 'ಜಾಸ್ಮಿನಮ್ ಅರೇಬಿಕಮ್'. ಅರಬ್ಬರ ನಾಡಿನ ಮಲ್ಲಿಗೆ ಎಂದು ಅರ್ಥ. ಬಿಳಿ ಹೂ, ಕೊಳವೆಯಂಥ ಬುಡ, ಎದುರೆದುರು ಎಲೆ, ಮೇಲೆ ಆ ಪರಿಮಳ. ಮಲ್ಲಿಗೆ ಅನ್ನದೆ ಮತ್ತೇನು ಅನ್ನಬೇಕಿತ್ತು? 1737ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದನ್ನು ಮಲ್ಲಿಗೆಯಿಂದ ಬಿಡಿಸಿ 'ಕಾಫಿಯಾ' ಎಂದು ಬೇರೆ ಮನೆ ಮಾಡಿಕೊಟ್ಟ. ಆಮೇಲೆ 1789ರಲ್ಲಿ ರುಬಿಯೇಸಿ ಎಂಬ ಕುಟುಂಬ ಕಟ್ಟಿ ಕಾಫಿಯನ್ನು ಅದರೊಳಗೆ ಸೇರಿಸಿದವನು ಆಂತ್ವಾನ್ ಲೊರಾಂ ದ ಜ್ಯೂಸ್ಯೂ. ಮೊದಲಿನ ಜ್ಯೂಸ್ಯೂನ ಸೋದರನ ಮಗ! ಮನೆಯ ಹಿರಿಯ ಮಾಡಿದ ತಪ್ಪನ್ನು ಮನೆಯ ಹುಡುಗನೇ ತಿದ್ದಿದ ಹಾಗಾಯಿತು. ನಿಮ್ಮ ಮನೆಯಲ್ಲೂ ಅದೇ ನಡೆದಿದೆ ನೋಡಿ.

ಮಗಳು ಹೇಳಿದ್ದು ಸರಿ. ಯಾಕೆ ಸರಿ ಎನ್ನುವುದಕ್ಕೆ ಮುಂದಿನ ಹೂಮಳೆ ತನಕ ಕಾಯಬೇಕು. ಅಥವಾ ಸ್ಪ್ರಿಂಕ್ಲರ್ ಹಾಕಿದ ರೋಬಸ್ಟಾ ಬ್ಲಾಕಿನಲ್ಲಿ ಹೂ ಇದ್ದರೆ ಈಗಲೇ ಆಗುತ್ತದೆ. ಒಂದು ಶೇವಿಂಗ್ ಬ್ಲೇಡ್, ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಕಾಫಿ ಹೂ ಒಂದು, ಕೇಪಳ ಒಂದು, ಕಾಡುಮಲ್ಲಿಗೆ ಒಂದು. ದುಂಡುಮಲ್ಲಿಗೆ ಬೇಡ, ಅದರ ಎಸಳುಗಳನ್ನು ಮನುಷ್ಯ ಹೆಚ್ಚಿಸಿ ಕೆಡಿಸಿಟ್ಟಿದ್ದಾನೆ.

ಮೊದಲು ಕೇಸರ ಎಣಿಸಿ. ಮಲ್ಲಿಗೆಯಲ್ಲಿ ಎಸಳು ಎಷ್ಟೇ ಇರಲಿ, ಕೇಸರ ಎರಡೇ. ಕಾಫಿಯಲ್ಲಿ ಎಸಳು ಐದಾದರೆ ಕೇಸರ ಐದು, ರೋಬಸ್ಟಾದಲ್ಲಿ ಎಸಳು ಆರಾದರೆ ಕೇಸರವೂ ಆರು. ಕೇಪಳದಲ್ಲಿ ಎಸಳು ನಾಲ್ಕು, ಕೇಸರ ನಾಲ್ಕು. ಇನ್ನು ಹೂವನ್ನು ಉದ್ದಕ್ಕೆ ಸೀಳಿ, ಮುಂದೆ ಕಾಯಿಯಾಗುವ ಅಂಡಾಶಯ ಎಲ್ಲಿದೆ ನೋಡಿ. ಮಲ್ಲಿಗೆಯಲ್ಲಿ ಅದು ಎಸಳಿನ ಕೊಳವೆಯ ಒಳಗೆ, ಬುಡದ ಮೇಲೆ ಕೂತಿದೆ. ಕಾಫಿಯಲ್ಲೂ ಕೇಪಳದಲ್ಲೂ ಎಸಳಿನ ಕೆಳಗೆ, ಹೂವಿನ ಹೊರಗೆ ಇದೆ.

ಬ್ಲೇಡ್ ಹಿಡಿಯಲು ಬೇಜಾರಾದರೆ ಹಣ್ಣು ನೋಡಿದರೂ ಆಯಿತು. ಕಾಫಿ ಹಣ್ಣಿನ ತುದಿಯಲ್ಲಿ, ತೊಟ್ಟಿಗೆ ಎದುರು ಭಾಗದಲ್ಲಿ, ಹೊಕ್ಕುಳಿನ ಹಾಗೆ ಒಂದು ಸಣ್ಣ ಬಳೆ ಇರುತ್ತದಲ್ಲ? ವರ್ಷಾ ವರ್ಷ ಕುಯ್ಲಿನಲ್ಲಿ ಸಾವಿರಾರು ಸಲ ಕೈಗೆ ತಾಗಿರುತ್ತದೆ, ಗಮನಿಸಿರುವುದಿಲ್ಲ. ಹೂ ಉದುರಿದ ಗುರುತು ಅದು. ಹೂ ಮೇಲೆ, ಕಾಯಿ ಕೆಳಗೆ ಇದ್ದದ್ದರಿಂದ ಗುರುತು ತುದಿಯಲ್ಲಿ ಉಳಿದಿದೆ. ಮಕ್ಕಳು ತಿನ್ನುವ ಕೇಪಳದ ಹಣ್ಣಿನ ತುದಿಯಲ್ಲೂ ಅಂಥದ್ದೇ ಪುಟ್ಟ ಕಿರೀಟ ಇದೆ. ಕಾಡುಮಲ್ಲಿಗೆಯ ಕರಿ ಹಣ್ಣಿನಲ್ಲಿ ತುದಿ ನುಣ್ಣಗೆ, ಪುಷ್ಪಪಾತ್ರೆ (ಹೂವಿನ ಬುಡದ ಹಸಿರು ಬಟ್ಟಲು) ಬದನೆಕಾಯಿಗೆ ಇರುವ ಹಾಗೆ ತೊಟ್ಟಿನ ಕಡೆಗೆ. ಇನ್ನೊಂದು ಗುರುತು ಎಲೆಯ ಹತ್ತಿರ ಸಿಗುತ್ತದೆ. ಕಾಫಿ ರೆಕ್ಕೆಯಲ್ಲಿ (ಅಡ್ಡ ಕೊಂಬೆಯಲ್ಲಿ) ಎದುರೆದುರು ಎಲೆಗಳ ತೊಟ್ಟುಗಳ ನಡುವೆ ಒಂದು ಮೊನಚಾದ ಸಣ್ಣ ತ್ರಿಕೋನದ ಸಿಪ್ಪೆ ಇದೆ. ಕೇಪಳದಲ್ಲೂ ಇದೆ. ಮಲ್ಲಿಗೆಯಲ್ಲಿ ಇಲ್ಲ.

ನೀವು ಕೇಳಬಹುದು, ಸೀಬೆಹಣ್ಣಿನ ತುದಿಯಲ್ಲೂ ಕಿರೀಟ ಇದೆಯಲ್ಲ, ಅದೂ ಕಾಫಿಯ ನೆಂಟನಾ ಅಂತ. ಅಲ್ಲ. ಒಂದೇ ಒಂದು ಗುರುತು ಹಿಡಿದು ಹೊರಟರೆ ಸೀಬೆ, ದಾಳಿಂಬೆ ಎಲ್ಲ ಒಂದೇ ಮನೆಗೆ ಬಂದು ಕೂರುತ್ತವೆ. ಹಾಗಾದರೆ ಯಾವ ಹೋಲಿಕೆಯನ್ನು ನಂಬಬೇಕು, ಯಾವುದನ್ನು ಬಿಡಬೇಕು? ಈ ವಿದ್ಯೆಯಲ್ಲಿ ಕಷ್ಟ ಇರುವುದು ಇಲ್ಲೇ. ಇದಕ್ಕೆ ನನ್ನ ಮೇಷ್ಟ್ರ ಕೆಲಸದ ಒಂದು ಕಥೆ ಹೇಳುತ್ತೇನೆ.

ಒಮ್ಮೆ ಪರೀಕ್ಷೆಯ ನಾಲ್ಕು ಉತ್ತರ ಪತ್ರಿಕೆ ಒಟ್ಟಿಗೆ ನನ್ನ ಕೈಗೆ ಬಂದವು. ನಾಲ್ಕರಲ್ಲೂ "ಬೇರು ನೀರನ್ನು ಹೀರುತ್ತದೆ" ಎಂದಿತ್ತು. ಇದರಿಂದ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಅದು ಊರಿಗೆಲ್ಲ ಗೊತ್ತಿರುವ ಸರಿ ಉತ್ತರ. ಆದರೆ ಮೂರರಲ್ಲಿ ಎಲೆಯ ಹಸಿರಿಗೆ ಕಾರಣ ಕ್ಲೋರೊಫಿಲ್ ಎನ್ನುವ ಬದಲು 'ಕ್ಲೋರೊಫಾರಂ' ಎಂದಿತ್ತು. ಆ ಮೂರರ ಪೈಕಿ ಎರಡರಲ್ಲಿ ಒಂದೇ ಜಾಗದಲ್ಲಿ ಒಂದು ಇಡೀ ಸಾಲು ಬಿಟ್ಟುಹೋಗಿತ್ತು. ಯಾರು ಯಾರ ಪಕ್ಕ ಕೂತಿದ್ದರು ಎಂದು ನಾನು ನೋಡಿರಲಿಲ್ಲ. ನೋಡುವ ಅಗತ್ಯವೂ ಬರಲಿಲ್ಲ. ಕ್ಲೋರೊಫಾರಂ ಬರೆದ ಮೂವರು ಒಂದು ಮೂಲದವರು, ಅವರೊಳಗೆ ಸಾಲು ಬಿಟ್ಟ ಇಬ್ಬರು ಇನ್ನೂ ಹತ್ತಿರದವರು, ನಾಲ್ಕನೆಯವನು ಪಾಪ, ತಾನೇ ಓದಿ ಬರೆದವನು.

ಎಲ್ಲರೂ ಹಳೆಯದನ್ನು ಉಳಿಸಿಕೊಂಡಿದ್ದರೆ ಅದು ನೆಂಟಸ್ತನಕ್ಕೆ ಸಾಕ್ಷಿಯಲ್ಲ. ಹೊಸದಾಗಿ ಬಂದ ಒಂದು ಬದಲಾವಣೆಯನ್ನು ಕೆಲವರು ಮಾತ್ರ ಹಂಚಿಕೊಂಡಿದ್ದರೆ ಅದು ಸಾಕ್ಷಿ. ಇದನ್ನು ಕಟ್ಟುನಿಟ್ಟಾದ ವಿಧಾನವಾಗಿ ಮಾಡಿದವನು ಜರ್ಮನಿಯ ವಿಲ್ಲಿ ಹೆನ್ನಿಗ್. ನೊಣಗಳನ್ನು ಅಭ್ಯಾಸ ಮಾಡುತ್ತಿದ್ದ ಮನುಷ್ಯ, ಪುಸ್ತಕ ಬಂದದ್ದು 1950ರಲ್ಲಿ. ಯಾವುದು ಹಳತು, ಯಾವುದು ಹೊಸತು ಎಂದು ತಿಳಿಯಲು ಗುಂಪಿನ ಹೊರಗಿನವರನ್ನು ಪಕ್ಕಕ್ಕಿಟ್ಟು ನೋಡುತ್ತಾರೆ. ಕಾಫಿ, ಮಲ್ಲಿಗೆ ಎರಡಕ್ಕೂ ಎದುರೆದುರು ಎಲೆ. ಆದರೆ ತುಳಸಿಗೂ, ತೇಗಕ್ಕೂ, ನಂದಿಬಟ್ಟಲಿಗೂ ಎದುರೆದುರು ಎಲೆಯೇ. ಅಂದಮೇಲೆ ಅದು ಇವರಿಬ್ಬರ ಖಾಸಗಿ ಸೊತ್ತಲ್ಲ. ಅಜ್ಜಿಯ ಪಟ್ಟಿಯಿಂದ ಒಂದು ಸಾಕ್ಷಿ ಹೋಯಿತು.

ಬಿಳಿ ಬಣ್ಣ ಮತ್ತು ವಾಸನೆ? ಮತ್ತೆ ಉತ್ತರ ಪತ್ರಿಕೆಗೇ ಬರೋಣ. ಇಬ್ಬರು ಹುಡುಗರು 'ವಿದ್ಯಾರ್ಥಿ'ಯನ್ನು 'ವಿದ್ಯಾರ್ತಿ' ಎಂದು ಬರೆದರೆ ಕಾಪಿ ಹೊಡೆದಿದ್ದಾರೆ ಎನ್ನುತ್ತೀರಾ? ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಯಾರು ಬೇಕಾದರೂ, ಯಾವಾಗ ಬೇಕಾದರೂ ಮಾಡುತ್ತಾರೆ. ಹೂವಿನ ಬಣ್ಣ ಅಂಥದ್ದು. ಯಾರು ಪರಾಗ ಒಯ್ಯಲು ಬರುತ್ತಾರೆ ಎನ್ನುವುದರ ಮೇಲೆ ಬೇಗ ಬೇಗ ಬದಲಾಗುತ್ತದೆ. ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯುವ ಹೂಗಳಲ್ಲಿ ಬಿಳಿ ಬಣ್ಣ, ಗಾಢ ಪರಿಮಳ ಮತ್ತೆ ಮತ್ತೆ ಬೇರೆ ಬೇರೆ ಕುಟುಂಬಗಳಲ್ಲಿ ಬಂದಿವೆ. ಚಿಟ್ಟೆ ಬರುವ ಕೇಪಳ ಕೆಂಪಾಗಿದೆ. ಕೇಪಳದ ಜಾತಿಯಲ್ಲೇ ಬಿಳಿ ಹೂ ಬಿಡುವವೂ ಇವೆ, ಬೇಲಿಯ ಪಕ್ಕದಲ್ಲಿ ನೀವೇ ನೋಡಿರಬಹುದು. ಅಂಡಾಶಯ ಎಲ್ಲಿ ಕೂರಬೇಕು ಎನ್ನುವುದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಅದರ ಜೊತೆಗೆ ಎಲೆ ನಡುವಿನ ಸಿಪ್ಪೆ, ಎಸಳಿನಷ್ಟೇ ಕೇಸರ, ಎಲ್ಲ ಒಟ್ಟಿಗೆ ಸೇರಿ ಒಂದೇ ಕಡೆ ಕೈ ತೋರಿಸುತ್ತಿವೆ.

ನಮ್ಮೂರಲ್ಲಿ ಇದನ್ನು ಹೇಳುವುದು ಸುಲಭ. ಮದುವೆ ಮನೆಯಲ್ಲಿ ಹೊಸಬರೊಬ್ಬರನ್ನು ಕಂಡು "ಮೂಗು ನಮ್ಮ ಮಾವನ ಹಾಗೇ ಇದೆ, ನಮ್ಮ ಒಕ್ಕದವರೇ ಇರಬೇಕು" ಎಂದು ಯಾವ ಕೊಡವರೂ ತೀರ್ಮಾನ ಮಾಡುವುದಿಲ್ಲ. ಯಾವ ಒಕ್ಕ (ಕುಲ), ಐನ್‌ಮನೆ (ಒಕ್ಕದ ಮೂಲಮನೆ) ಎಲ್ಲಿ ಎಂದು ಕೇಳುತ್ತಾರೆ. ಸಸ್ಯಗಳ ವೈಜ್ಞಾನಿಕ ಹೆಸರನ್ನೂ ಕೊಡವರ ಹೆಸರಿನ ಹಾಗೇ ಬರೆಯುವುದು. ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅರೇಬಿಕಾ ಎಂದರೆ ಕಾಫಿಯಾ ಅರೇಬಿಕಾ, ರೋಬಸ್ಟಾ ಎಂದರೆ ಕಾಫಿಯಾ ಕ್ಯಾನೆಫೊರಾ. ಕಷ್ಟ ಏನೆಂದರೆ ಗಿಡಗಳ ಐನ್‌ಮನೆ ಉಳಿದಿಲ್ಲ, ಹೇಳುವ ಹಿರಿಯರೂ ಇಲ್ಲ. ಅದಕ್ಕೇ ಉಳಿದ ಮೊಮ್ಮಕ್ಕಳ ಕೈಯಲ್ಲಿರುವ 'ಉತ್ತರ ಪತ್ರಿಕೆ'ಯಿಂದಲೇ ಹಿಂದಕ್ಕೆ ಹೋಗಬೇಕು.

ಡಿಎನ್‌ಎ ಈ ಪತ್ರಿಕೆಯನ್ನು ಬಹಳ ದಪ್ಪ ಮಾಡಿತು, ಅಷ್ಟೇ. ವಿಧಾನ ಅದೇ. ಹೂವಿನಲ್ಲಿ ಹೋಲಿಸಲು ಹತ್ತಿಪ್ಪತ್ತು ಗುರುತು ಸಿಕ್ಕರೆ ಡಿಎನ್‌ಎಯಲ್ಲಿ ಸಾವಿರಾರು, ಲಕ್ಷಾಂತರ ಅಕ್ಷರ. ಅಕ್ಷರಗಳು ನಾಲ್ಕೇ ಬಗೆ. ಎಲೆಯ ಹಸಿರು ಕಣಗಳಲ್ಲಿರುವ ಒಂದೇ ಜೀನನ್ನು ಕಾಫಿ, ಕೇಪಳ, ಮಲ್ಲಿಗೆ, ಹೊರಗಿನವನೆಂದು ಒಂದು ಮೆಣಸು, ಎಲ್ಲದರಿಂದ ಓದಿ ಸಾಲಾಗಿ ಒಂದರ ಕೆಳಗೆ ಒಂದು ಬರೆಯುತ್ತಾರೆ. ಎಲ್ಲಿ ಅಕ್ಷರ ಬದಲಾಗಿದೆ, ಆ ಬದಲಾವಣೆ ಯಾರ ಯಾರ ಹತ್ತಿರ ಇದೆ ಎಂದು ನೋಡುತ್ತಾರೆ. ಆಮೇಲೆ ಸಾಧ್ಯವಿರುವ ವಂಶವೃಕ್ಷಗಳನ್ನು ಬರೆದು, ಯಾವುದು ಈ ಬದಲಾವಣೆಗಳನ್ನು ಚೆನ್ನಾಗಿ ವಿವರಿಸುತ್ತದೆ ಎಂದು ಲೆಕ್ಕ ಹಾಕುತ್ತಾರೆ.

ಕೇಳಲು ಸುಲಭ. ಮೂರು ಗಿಡಕ್ಕೆ ಸಾಧ್ಯವಿರುವ ವಂಶವೃಕ್ಷ 3. ನಾಲ್ಕಕ್ಕೆ 15. ಐದಕ್ಕೆ 105. ಹತ್ತಕ್ಕೆ? 3 ಕೋಟಿ 44 ಲಕ್ಷಕ್ಕೂ ಜಾಸ್ತಿ. ಅದಕ್ಕೇ ಕಂಪ್ಯೂಟರ್ ಬರುವವರೆಗೆ ಈ ಕೆಲಸ ಕುಂಟುತ್ತಿತ್ತು. 1993ರಲ್ಲಿ 42 ಮಂದಿ ಸೇರಿ ಸುಮಾರು 500 ಸಸ್ಯಗಳ ಒಂದೇ ಜೀನನ್ನು ಹೋಲಿಸಿ ದೊಡ್ಡ ವಂಶವೃಕ್ಷ ಬರೆದರು. ಅಲ್ಲಿಂದ ಮುಂದೆ ಬಾಗಿಲು ತೆರೆದುಕೊಂಡಿತು.

"ಊಹೆ ಅಲ್ವಾ" ಎಂದು ಕೇಳಿದ್ದೀರಿ. ಮೊದಲ ಹೆಜ್ಜೆ ಊಹೆಯೇ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಆ ಊಹೆ ಸುಳ್ಳಾಗುವುದಕ್ಕೆ ದಾರಿ ಇದೆ. 1789ರಲ್ಲಿ ಬರೀ ಹೂ ಹಣ್ಣು ನೋಡಿ ಕಾಫಿಯನ್ನು ರುಬಿಯೇಸಿಗೆ ಸೇರಿಸಿದ್ದರು. ಆಗ ಡಾರ್ವಿನ್ ಹುಟ್ಟಿರಲಿಲ್ಲ, ಡಿಎನ್‌ಎ ಎಂಬ ಮಾತೇ ಇರಲಿಲ್ಲ. ಇನ್ನೂರು ವರ್ಷದ ಮೇಲೆ ಡಿಎನ್‌ಎ ಓದಿದಾಗ ಅದು ಕಾಫಿಯನ್ನು ಎಲ್ಲಿ ಬೇಕಾದರೂ ಎಸೆಯಬಹುದಿತ್ತು. ಎಸೆಯಲಿಲ್ಲ. ಅದೇ ಕುಟುಂಬದಲ್ಲಿ, ಕೇಪಳದ ಹತ್ತಿರದ ಕೊಂಬೆಯಲ್ಲೇ ಇಟ್ಟಿತು. ಅದೇ ಕುಟುಂಬದ ಕದಂಬ, ಸಿಂಕೋನಾ, ಮಂಜಿಷ್ಠ ಇನ್ನೂ ಸ್ವಲ್ಪ ದೂರದ ಕೊಂಬೆಗಳಲ್ಲಿ ಕೂತವು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಾಕ್ಷಿಗಳು ಕೋರ್ಟಿನಲ್ಲಿ ಒಂದೇ ಮಾತು ಹೇಳಿದ ಹಾಗೆ. ಒಂದು ಕೊಂಬೆ ಎಷ್ಟು ಗಟ್ಟಿ ಎಂದು ಅಳೆಯಲು 1985ರಿಂದ ಇನ್ನೊಂದು ಉಪಾಯವೂ ಇದೆ. ಒಂದರ ಕೆಳಗೆ ಒಂದು ಬರೆದ ಅಕ್ಷರಗಳ ಕಂಬಸಾಲುಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ ಮತ್ತೆ ಮತ್ತೆ ವೃಕ್ಷ ಬರೆಸುವುದು. ಎತ್ತಿದ ಚೀಟಿಯನ್ನು ಪ್ರತಿ ಸಲ ಡಬ್ಬಕ್ಕೆ ವಾಪಸ್ ಹಾಕಬೇಕು. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಕಾಫಿಯೂ ಕೇಪಳವೂ ಒಟ್ಟಿಗೆ ಬಂದರೆ ಧೈರ್ಯವಾಗಿ ಹೇಳಬಹುದು. ಐವತ್ತು ಸಲ ಬಂದರೆ ಸುಮ್ಮನಿರುವುದು ಒಳ್ಳೆಯದು.

ಇನ್ನು ಅಜ್ಜಿಗೆ ಹೇಳಿದ್ದರೆ ನಗುತ್ತಿದ್ದ ವಿಷಯ. ಮಲ್ಲಿಗೆಗೆ ಕಾಫಿಗಿಂತ ತುಳಸಿ, ಎಳ್ಳು, ತೇಗ ಹತ್ತಿರ. ಕಾಫಿಗೆ ಮಲ್ಲಿಗೆಗಿಂತ ನಂದಿಬಟ್ಟಲು, ಕಣಗಿಲೆ, ಎಕ್ಕ ಹತ್ತಿರ. ಹಾಗಂತ ಮಲ್ಲಿಗೆಯೂ ಕಾಫಿಯೂ ಪೂರ್ತಿ ಪರಕೀಯರಲ್ಲ. ಬಹಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಒಂದೇ ಮೂಲದಿಂದ ಕವಲೊಡೆದವು. ತಂಗಿ ಅಲ್ಲ, ದೂರದ ದಾಯಾದಿ ಎನ್ನಬಹುದು.

ಹಾಗಾದರೆ ಡಿಎನ್‌ಎ ಒಂದೇ ಸಾಕೇ? ಸಾಲದು. ಅಕ್ಷರ ನಾಲ್ಕೇ ಆದ್ದರಿಂದ ಒಂದೇ ಜಾಗದಲ್ಲಿ ಒಂದೇ ಬದಲಾವಣೆ ಎರಡು ಸಲ ಆಗುವುದುಂಟು. ಅಲ್ಪಪ್ರಾಣದ ತಪ್ಪು ಅಲ್ಲೂ ಇದೆ. ಒಂದೇ ಜೀನನ್ನು ನಂಬಿದರೆ ಮೋಸ ಹೋಗುತ್ತೀರಿ. ಕಾಫಿಯಲ್ಲೂ ಚಹಾದಲ್ಲೂ ಕೋಕೋದಲ್ಲೂ ಕೆಫೀನ್ ಇದೆ, ಅಂದಮೇಲೆ ಮೂರೂ ನೆಂಟರಿರಬೇಕು ಅನ್ನಿಸುತ್ತದೆ. 2014ರಲ್ಲಿ ರೋಬಸ್ಟಾದ ಪೂರ್ತಿ ಡಿಎನ್‌ಎ ಓದಿದಾಗ ಕಾಫಿ ಕೆಫೀನ್ ಮಾಡುವುದನ್ನು ತಾನೇ ಬೇರೆಯಾಗಿ ಕಲಿತದ್ದು, ಚಹಾ ಕೋಕೋಗಳಿಂದ ಬಂದದ್ದಲ್ಲ ಎಂದು ಗೊತ್ತಾಯಿತು. ಯಾವಾಗ ಕವಲೊಡೆಯಿತು ಎಂಬ ಕಾಲದ ಲೆಕ್ಕಕ್ಕಂತೂ ಪಳೆಯುಳಿಕೆ ಬೇಕೇ ಬೇಕು. ಡಿಎನ್‌ಎ ಬದಲಾಗುವ ವೇಗ ಎಲ್ಲ ಗಿಡದಲ್ಲೂ ಒಂದೇ ಅಲ್ಲ, ವಯಸ್ಸು ಗೊತ್ತಿರುವ ಕಲ್ಲಿನ ಪದರ ಇದ್ದರೆ ಆ ಗಡಿಯಾರವನ್ನು ತಿದ್ದಿಕೊಳ್ಳಬಹುದು.

ಆದರೆ ಬರೀ ಕಣ್ಣು ನಂಬಿದವರಿಗೆ ಡಿಎನ್‌ಎ ಕೊಟ್ಟ ಒಂದು ಪೆಟ್ಟನ್ನು ಹೇಳದೆ ಬಿಡಲಾರೆ. ಅದು ನಿಮ್ಮ ತೋಟದಲ್ಲೇ ನಿಂತಿದೆ. ಮೆಣಸು ಹಬ್ಬಿಸಿದ ಸಿಲ್ವರ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಅಲ್ಲ, ಆಸ್ಟ್ರೇಲಿಯಾದಿಂದ ಬಂದದ್ದು. ವೈಜ್ಞಾನಿಕ ಹೆಸರು ಗ್ರೆವಿಲಿಯಾ ರೋಬಸ್ಟಾ. (ಹೌದು, ಅಲ್ಲೂ ರೋಬಸ್ಟಾ. ಎರಡು ಒಕ್ಕದಲ್ಲಿ ಒಬ್ಬೊಬ್ಬ ಪೂವಯ್ಯ ಇದ್ದ ಹಾಗೆ, ಸಂಬಂಧ ಏನೂ ಇಲ್ಲ.) ಇದರ ನೆಂಟ ಯಾರು ಹೇಳಿ? ಕೆರೆಯ ತಾವರೆ. ತಮಾಷೆ ಮಾಡುತ್ತಿಲ್ಲ. ತಾವರೆಯನ್ನು ನೋಡಿದ ಯಾರಾದರೂ ಅದನ್ನು ನೈದಿಲೆಯ ಜೊತೆಗೇ ಇಡುತ್ತಾರೆ. ಎರಡೂ ನೀರಿನಲ್ಲಿ, ಎರಡಕ್ಕೂ ದುಂಡು ಎಲೆ, ಎರಡಕ್ಕೂ ದೊಡ್ಡ ಹೂ. ಸಸ್ಯಶಾಸ್ತ್ರಜ್ಞರೂ ಬಹಳ ಕಾಲ ಹಾಗೇ ಇಟ್ಟಿದ್ದರು. ಡಿಎನ್‌ಎ ಬಂದು ತಾವರೆಯನ್ನು ಎತ್ತಿ ಸಿಲ್ವರ್ ಓಕ್ ಇರುವ ಗಣದೊಳಗೆ ಕೂರಿಸಿತು. 1998ರ ಹೊಸ ವರ್ಗೀಕರಣದಲ್ಲಿ ಅದು ಅಧಿಕೃತವೂ ಆಯಿತು. ನೈದಿಲೆಯೋ, ಹೂ ಬಿಡುವ ಸಸ್ಯಗಳಲ್ಲಿ ಎಲ್ಲರಿಗಿಂತ ಮೊದಲೇ ಬೇರೆ ಮನೆ ಮಾಡಿಕೊಂಡವರಲ್ಲಿ ಒಂದು. ಆಮೇಲೆ ಹಿಂತಿರುಗಿ ನೋಡಿದರೆ ಸುಳಿವು ಮೊದಲೇ ಇತ್ತು. ಸೂಕ್ಷ್ಮದರ್ಶಕದಲ್ಲಿ ತಾವರೆಯ ಪರಾಗಕ್ಕೆ ಮೂರು ಸೀಳು, ನೈದಿಲೆಯದ್ದಕ್ಕೆ ಅದಿಲ್ಲ. ಪರಾಗ ನೋಡಿದವರಿಗೆ ಅನುಮಾನ ಇತ್ತು, ಎಲೆ ನೋಡಿದವರಿಗೆ ಇರಲಿಲ್ಲ. ನೀರಿನಲ್ಲಿ ಬದುಕುವವರು ಒಂದೇ ಥರ ಕಾಣುವುದು ಮಳೆಗಾಲದಲ್ಲಿ ಕೊಡಗಿನವರೆಲ್ಲ ಗೊರಗ ಹಾಕಿಕೊಂಡು ಒಂದೇ ಥರ ಕಂಡ ಹಾಗೆ.

ನಿಮ್ಮ ಕೊನೆಯ ಪ್ರಶ್ನೆ, ಅರೇಬಿಕಾ ಮತ್ತು ರೋಬಸ್ಟಾ ಅಣ್ಣತಮ್ಮಂದಿರೇ ಎನ್ನುವುದು. ಅಲ್ಲ. ರೋಬಸ್ಟಾ ಅರೇಬಿಕಾದ ಅಪ್ಪ.

ಮೊದಲ ಸುಳಿವು ಕ್ರೋಮೋಸೋಮ್ ಎಣಿಕೆಯಲ್ಲಿ ಸಿಕ್ಕಿತು. ರೋಬಸ್ಟಾದಲ್ಲಿ 22. ಕಾಡು ಕಾಫಿ ಜಾತಿಗಳಲ್ಲೂ 22. ಅರೇಬಿಕಾ ಒಂದರಲ್ಲಿ ಮಾತ್ರ 44. ಸರಿಯಾಗಿ ಎರಡರಷ್ಟು. ಎರಡು ಜಾತಿ ಕೂಡಿ, ಇಬ್ಬರ ಪೂರ್ತಿ ಆಸ್ತಿಯೂ ಮಗುವಿಗೆ ಬಂದ ಹಾಗಿದೆ ಎಂಬ ಅನುಮಾನ ಬಂತು. ಆಮೇಲೆ ಎಲೆಯ ಹಸಿರು ಕಣದ ಡಿಎನ್‌ಎ ಓದಿದರು. ಕಾಫಿಯಲ್ಲಿ ಅದು ತಾಯಿಯಿಂದ ಮಾತ್ರ ಬರುವಂಥದ್ದು. ಅದು ರೋಬಸ್ಟಾವನ್ನು ತೋರಿಸಲಿಲ್ಲ. ಕಾಫಿಯಾ ಯೂಜಿನಿಯೋಯ್ಡಿಸ್ ಎಂಬ ಇನ್ನೊಂದು ಜಾತಿಯನ್ನು ತೋರಿಸಿತು. ಜೀವಕೋಶದ ನಡುವಿನ ಕೇಂದ್ರದಲ್ಲಿರುವ ಡಿಎನ್‌ಎಯಲ್ಲಿ ಅರ್ಧ ಭಾಗ ಯೂಜಿನಿಯೋಯ್ಡಿಸ್ ಎನ್ನುತ್ತದೆ, ಇನ್ನರ್ಧ ರೋಬಸ್ಟಾ ಎನ್ನುತ್ತದೆ. ಬೇರೆ ಬೇರೆ ಜೀನ್ ಬೇರೆ ಬೇರೆ ವಂಶವೃಕ್ಷ ಕೊಟ್ಟಾಗ ಮೊದಲು ಎಲ್ಲೋ ಲೆಕ್ಕ ತಪ್ಪಿದೆ ಎನಿಸುತ್ತದೆ. ಇಲ್ಲಿ ತಪ್ಪಿರಲಿಲ್ಲ, ಎರಡು ಕೊಂಬೆ ಮತ್ತೆ ಒಂದಾಗಿದ್ದವು. ಮರದ ಚಿತ್ರ ಎಲ್ಲ ಕಡೆ ಒಪ್ಪುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈ ಮದುವೆ ಯಾವಾಗ ಆಯಿತು ಎನ್ನುವುದರಲ್ಲಿ ಜಗಳ ಇದೆ. ಕೆಲವು ಲೆಕ್ಕ ಹತ್ತಾರು ಸಾವಿರ ವರ್ಷ ಹಿಂದೆ ಎಂದವು, 2024ರಲ್ಲಿ ಬಂದ ದೊಡ್ಡ ಅಧ್ಯಯನ ಸುಮಾರು 6 ಲಕ್ಷ ವರ್ಷ ಎಂದಿತು.

ಬೆಳೆಗಾರರಿಗೆ ಇದರಿಂದ ಏನು ಎಂದರೆ, ತಳಿ ಮಾಡುವವರು ನೆಂಟಸ್ತನ ನೋಡಿಯೇ ಸಂಬಂಧ ಬೆಳೆಸುತ್ತಾರೆ. ನಮ್ಮಲ್ಲಿ ಹಾಕುವ ಸಿ×ಆರ್ ತಳಿ ಎಂದರೆ ಕಾಂಜೆನ್ಸಿಸ್ ಎಂಬ ಇನ್ನೊಂದು ಕಾಫಿ ಜಾತಿ ಮತ್ತು ರೋಬಸ್ಟಾ ಜೋಡಿ. ಎರಡೂ ಹತ್ತಿರದವು, ಎರಡಕ್ಕೂ 22, ಸಂಸಾರ ಸರಾಗ. ಅರೇಬಿಕಾವನ್ನೂ ರೋಬಸ್ಟಾವನ್ನೂ ಸೇರಿಸಿದರೆ ಮಗುವಿಗೆ ಸಾಮಾನ್ಯವಾಗಿ 33 ಬಂದು ಕಾಯಿ ಕಚ್ಚುವುದೇ ಕಷ್ಟ. ಆದರೂ ಟಿಮೋರ್ ದ್ವೀಪದಲ್ಲಿ ಅವೆರಡೂ ತಾವಾಗಿಯೇ ಕೂಡಿ 44 ಇರುವ ಒಂದು ಗಿಡ ಆಯಿತು. ಎಲೆ ತುಕ್ಕು ರೋಗ ತಡೆಯುವ ಶಕ್ತಿ ಅದರಿಂದಲೇ ನಮ್ಮ ಕಾವೇರಿ ತಳಿಗೆ ಬಂದದ್ದು. ನಿಮ್ಮಲ್ಲಿ ಹಳೆಯ ಎಸ್.795 ಅರೇಬಿಕಾ ತಳಿ ಇದ್ದರೆ ಅದರ ಹಿಂದಿನ ತಲೆಮಾರಿನಲ್ಲಿ ಲೈಬೇರಿಕಾ ಎಂಬ ಕಾಫಿ ಜಾತಿ ಕೂಡ ಇದೆ.

ಅರೇಬಿಕಾದ ತಾಯಿ ಯೂಜಿನಿಯೋಯ್ಡಿಸ್ ನಮ್ಮ ತೋಟಗಳಲ್ಲಿಲ್ಲ. ಪೂರ್ವ ಆಫ್ರಿಕಾದ ಎತ್ತರದ ಕಾಡುಗಳ ಗಿಡ ಅದು. ಎಲೆ ಸಣ್ಣದು, ಬೀಜ ಸಣ್ಣದು, ಕೆಫೀನ್ ತುಂಬಾ ಕಡಿಮೆ. ಅರೇಬಿಕಾದಲ್ಲಿ ರೋಬಸ್ಟಾಗಿಂತ ಕೆಫೀನ್ ಕಡಿಮೆ ಇರುವುದು ಯಾರ ಕಡೆಯಿಂದ ಬಂದಿರಬಹುದು ಎಂದು ಮಗಳನ್ನು ಕೇಳಿ ನೋಡಿ.